ಕಬ್ಬಿನ ಹಾಲೂ ಕ್ರಿಯಾವೇಗವೂ

ಕೃಷ್ಣಾನದಿಯ ದಡದಲ್ಲಿರುವ ಜುಗೂಳವು ಕಬ್ಬಿನ ಸೀಮೆಯ ಗ್ರಾಮ. ಬೆಲ್ಲ ಮಾಡುವವರು ಎರಡು ನಿಯಮಗಳನ್ನು ತಪ್ಪದೆ ಪಾಲಿಸುವರು: ಕಡಿದ ಕಬ್ಬನ್ನು ತಡಮಾಡದೆ ಗಾಣಕ್ಕೆ ಕೊಡುವುದು, ಕುದಿಸುವ ಹಾಲಿಗೆ ಮಿತವಾಗಿ ಸುಣ್ಣ ಹಾಕುವುದು. ಇವನ್ನು ಮೀರಿದರೆ ಬೆಲ್ಲವು ಗಟ್ಟಿಯಾಗದೆ ಅಂಟಂಟಾಗುವುದು. ವರ್ಷದ ದುಡಿಮೆಗೆ ಬೆಲೆ ಇಳಿಯುವುದು. ಇದಕ್ಕೆ ಕಾರಣವನ್ನು ತಿಳಿಸುವ ಶಾಸ್ತ್ರಶಾಖೆಗೆ ಭೌತ ಸಾವಯವ ರಸಾಯನವೆಂದು ಹೆಸರು. ಯಾವ ವಸ್ತು ಯಾವುದಾಗಿ ಮಾರ್ಪಡುವುದೆಂಬಷ್ಟಕ್ಕೆ ನಿಲ್ಲದೆ, ಎಷ್ಟು ವೇಗದಿಂದ, ಯಾವ ಮಾರ್ಗದಿಂದ ಎಂಬುದನ್ನು ಅದು ವಿಚಾರಿಸುವುದು.

ಕಬ್ಬಿನ ಸಕ್ಕರೆಯ ಅಣುವಿನಲ್ಲಿ ಗ್ಲೂಕೋಸು ಮತ್ತು ಫ್ರಕ್ಟೋಸು ಎಂಬೆರಡು ಸಕ್ಕರೆಗಳು ಒಂದು ಆಮ್ಲಜನಕದ ಪರಮಾಣುವಿನಿಂದ ಬೆಸೆದುಕೊಂಡಿವೆ. ನೀರು ಸೇರಿದಾಗ ಈ ಬೆಸುಗೆಯು ಬಿಚ್ಚುವುದು. ಒಂದೇ ತಲದಲ್ಲಿ ಕಂಪಿಸುವ ಬೆಳಕನ್ನು ಮೂಲ ಸಕ್ಕರೆಯ ದ್ರಾವಣವು ಬಲಕ್ಕೆ ತಿರುಗಿಸಿದರೆ, ಒಡೆದ ಮಿಶ್ರಣವು ಎಡಕ್ಕೆ ತಿರುಗಿಸುವುದು. ಆದುದರಿಂದಲೇ ಈ ಕ್ರಿಯೆಗೆ ವಿಪರ್ಯಯವೆಂದು ಹೆಸರು.

1850ರಲ್ಲಿ ಜರ್ಮನಿಯ ವಿಲ್ಹೆಲ್ಮಿಯು ಈ ತಿರುವನ್ನು ಅಳೆಯುತ್ತ, ಯಾವುದೇ ಕ್ಷಣದಲ್ಲಿ ಒಡೆಯುವ ಸಕ್ಕರೆಯು ಆಗ ಉಳಿದಿರುವ ಸಕ್ಕರೆಗೆ ಅನುಪಾತವಾಗಿರುವುದೆಂದು ಕಂಡನು. ನೂರು ಪಾಲು ಐವತ್ತಾಗಲು ಹಿಡಿದಷ್ಟೇ ಕಾಲವು ಐವತ್ತು ಇಪ್ಪತ್ತೈದಾಗಲೂ ಬೇಕು. ಇದೇ ಪ್ರಥಮ ಶ್ರೇಣಿಯ ಕ್ರಿಯಾವೇಗ. ನೀರೂ ಭಾಗವಹಿಸುವುದಾದರೂ, ಅದು ಹೇರಳವಾಗಿರುವ ಕಾರಣ ಅದರ ವೆಚ್ಚವು ಲೆಕ್ಕಕ್ಕೆ ಬಾರದು.

ಹಾಗಾದರೆ ಶುದ್ಧವಾದ ನೀರಿನಲ್ಲಿ ಸಕ್ಕರೆಯು ಕೂಡಲೇ ಒಡೆಯದೇಕೆ? ಒಡೆಯುವ ಪ್ರವೃತ್ತಿ ಬೇರೆ, ಒಡೆಯುವ ವೇಗ ಬೇರೆ. ಇಳಿಜಾರಿನ ಊರಿಗೆ ಹೋಗುವವನೂ ನಡುವಣ ದಿಣ್ಣೆಯನ್ನು ಹತ್ತಲೇಬೇಕು. ಆ ದಿಣ್ಣೆಯ ಎತ್ತರವೇ ಸಕ್ರಿಯಣ ಶಕ್ತಿ. ಕಾವು ಹೆಚ್ಚಿದಷ್ಟೂ ಅದನ್ನು ದಾಟಬಲ್ಲ ಅಣುಗಳು ಹೆಚ್ಚುವುವು. ಸ್ವೀಡನ್ನಿನ ಅರ್ಹೇನಿಯಸನು 1889ರಲ್ಲಿ ಇದನ್ನು ವಿವರಿಸಲು ಆರಿಸಿಕೊಂಡುದೂ ಸಕ್ಕರೆಯ ವಿಪರ್ಯಯವನ್ನೇ.

ಆಮ್ಲವು ಮತ್ತೊಂದು ತಗ್ಗಾದ ಕಣಿವೆಯ ದಾರಿಯನ್ನು ತೆರೆಯುವುದು. ಅದರ ಪ್ರೋಟಾನು ಬೆಸುಗೆಯ ಆಮ್ಲಜನಕಕ್ಕೆ ಅಂಟಿಕೊಂಡಾಗ ಬಂಧವು ಸಡಿಲವಾಗಿ ಮುರಿಯುವುದು. ಧನ ವಿದ್ಯುದಂಶವುಳ್ಳ ಅಲ್ಪಾಯುಷಿಯಾದ ಒಂದು ತುಣುಕು ಹುಟ್ಟುವುದು. ಇದಕ್ಕೆ ಮಧ್ಯವರ್ತಿಯೆಂದು ಹೆಸರು. ನೀರು ಅದನ್ನು ಕೂಡಿದೊಡನೆ ಪ್ರೋಟಾನು ಬಿಡುಗಡೆಯಾಗಿ ಮತ್ತೊಂದು ಅಣುವನ್ನು ಹಿಡಿಯುವುದು. ಹೀಗೆ ತಾನು ವ್ಯಯವಾಗದೆ ಕ್ರಿಯೆಯನ್ನು ತ್ವರೆಗೊಳಿಸುವ ವಸ್ತುವೇ ವೇಗವರ್ಧಕ. ಈ ಹಂತಗಳ ಕ್ರಮಕ್ಕೆ ಕ್ರಿಯಾವಿಧಾನವೆನ್ನುವರು.

ಇನ್ನು ಗಾಣದ ನಿಯಮಗಳು ತಾವೇ ಸ್ಪಷ್ಟವಾಗುವುವು. ಕಬ್ಬಿನ ಹಾಲು ಸಹಜವಾಗಿಯೇ ತುಸು ಆಮ್ಲೀಯ. ಕುದಿಯುವ ಕಾವೂ ಸೇರಿದರೆ ವಿಪರ್ಯಯಕ್ಕೆ ತಡೆಯೇ ಇಲ್ಲ. ಸುಣ್ಣವು ಆ ಆಮ್ಲವನ್ನು ಶಮನಗೊಳಿಸುವುದು. ಕಡಿದಿಟ್ಟ ಕಬ್ಬಿನಲ್ಲಾದರೋ ಕಿಣ್ವಗಳೂ ಸೂಕ್ಷ್ಮಜೀವಿಗಳೂ ಅದೇ ಕೆಲಸವನ್ನು ತಣ್ಣಗೆ ನಡೆಸುತ್ತಿರುವುವು. ಒಡೆದ ಸಕ್ಕರೆಗಳು ಹರಳುಗಟ್ಟುವುದಕ್ಕೆ ಅಡ್ಡಿಮಾಡಿ ತೇವವನ್ನು ಹೀರುವುದರಿಂದ ಬೆಲ್ಲವು ಅಂಟಾಗುವುದು. ಆದರೆ ಸುಣ್ಣವು ಮಿತಿಮೀರಿದರೆ ಅವೇ ಸಕ್ಕರೆಗಳು ಕೆಟ್ಟು ಬೆಲ್ಲಕ್ಕೆ ಕಪ್ಪು ಹಿಡಿಯುವುದು. ಬೇಡದ ದಾರಿಯನ್ನು ಮುಚ್ಚುವಾಗ ಮತ್ತೊಂದು ಬೇಡದ ದಾರಿಯನ್ನು ತೆರೆಯದಿರುವುದೇ ಗಾಣದವನ ಜಾಣ್ಮೆ; ರಸಾಯನಶಾಸ್ತ್ರಜ್ಞನ ಜಾಣ್ಮೆಯೂ ಅದೇ.