ಮೊದಲು ಬೇರಿಂಗ್, ಕೊನೆಗೆ ಮೋಟಾರು

ಜಪಾನಿನ ಶಿಜುವೊಕಾ ನಗರದ ತಮಿಯಾ ಕಂಪನಿ 1946ರಲ್ಲಿ ಮರದ ವ್ಯಾಪಾರದಿಂದ ಶುರುವಾಗಿ, 1976ರ ಹೊತ್ತಿಗೆ ರೇಡಿಯೊ ನಿಯಂತ್ರಿತ ಕಾರಿನ ಕಿಟ್ ತಯಾರಿಸುವ ಮಟ್ಟಕ್ಕೆ ಬಂದಿತ್ತು. ಆ ಕಂಪನಿಯ ಮಾದರಿಗಳಲ್ಲಿ ಹವ್ಯಾಸಿಗಳು ಇಂದಿಗೂ ಕೈಬಿಡದ ಒಂದಿದೆ. ಅದು 1987ರ ಕ್ಲಾಡ್ ಬಸ್ಟರ್, ಹತ್ತನೇ ಒಂದು ಅಳತೆಯ ಮಾನ್‌ಸ್ಟರ್ ಟ್ರಕ್. ಮೇಲೆ ಷೆವರ್ಲೆ ಪಿಕಪ್ಪಿನ ಗಟ್ಟಿ ಪ್ಲಾಸ್ಟಿಕ್ ದೇಹ, ಕೆಳಗೆ ಆ ದೇಹವನ್ನೇ ಸಣ್ಣದು ಮಾಡಿ ತೋರಿಸುವ ದಪ್ಪ ಟೈರುಗಳು. ಅದಕ್ಕೂ ಕೆಲವೇ ವರ್ಷ ಮೊದಲು, 1981ರಲ್ಲಿ, ಅಮೆರಿಕದ ಬಾಬ್ ಚಾಂಡ್ಲರ್ ತಮ್ಮ ಬಿಗ್‌ಫುಟ್ ಟ್ರಕ್ಕನ್ನು ಹಳೆಯ ಕಾರುಗಳ ಮೇಲೆ ಹತ್ತಿಸಿ ಅಪ್ಪಚ್ಚಿ ಮಾಡಿದ್ದರು. ಆ ಹುಚ್ಚು ದೇಶವಿಡೀ ಹರಡಿದ್ದ ಕಾಲದಲ್ಲೇ ಕ್ಲಾಡ್ ಬಸ್ಟರ್ ಅಂಗಡಿಗೆ ಬಂತು.

ಅದರ ಒಳಗಿನ ಯೋಜನೆ ಈಗಲೂ ಬೆರಗು ಹುಟ್ಟಿಸುತ್ತದೆ. ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು ಮೋಟಾರು. ಮೋಟಾರು, ಗೇರು, ಡಿಫರೆನ್ಷಿಯಲ್ ಎಲ್ಲವೂ ಅಚ್ಚಿನ ಮೇಲೆಯೇ ಕೂತಿರುವುದರಿಂದ ನಡುವೆ ಉದ್ದದ ಶಾಫ್ಟ್ ಬೇಕಿಲ್ಲ. ನಾಲ್ಕೂ ಚಕ್ರಗಳಿಗೆ ಬಲ, ನಾಲ್ಕೂ ಚಕ್ರಗಳಿಗೆ ಸ್ಟಿಯರಿಂಗ್. ಇಷ್ಟು ಧಾರಾಳವಾಗಿ ಯೋಚಿಸಿದ ಆಟಿಕೆಗೆ ಅಷ್ಟೇ ಎದ್ದು ಕಾಣುವ ದೌರ್ಬಲ್ಯಗಳೂ ಇದ್ದವು. ಆ ದೌರ್ಬಲ್ಯಗಳನ್ನು ಒಂದೊಂದಾಗಿ ನೀಗಿಸುವುದೇ ಅಪ್‌ಗ್ರೇಡ್ ಎಂಬ ಕಸುಬು.

ಹೊಸಬರು ಸಾಮಾನ್ಯವಾಗಿ ಮೊದಲು ಬದಲಿಸುವುದು ಮೋಟಾರನ್ನು. ಅದು ತಪ್ಪು ಕ್ರಮ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಾಹನದಲ್ಲಿ ಬಲ ಒಂದು ಭಾಗದಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಒಂದು ಭಾಗವನ್ನು ಬಲಪಡಿಸಿದರೆ ಮುರಿಯುವ ಸರದಿ ಪಕ್ಕದ್ದಕ್ಕೆ ಬರುತ್ತದೆ. ದೊಡ್ಡ ಮೋಟಾರು ಹಾಕಿದ ದಿನ ಗೇರಿನ ಹಲ್ಲು ಹೋಗುತ್ತದೆ. ಉಕ್ಕಿನ ಗೇರು ಹಾಕಿದರೆ ಚಕ್ರಕ್ಕೆ ಹೋಗುವ ಶಾಫ್ಟ್ ತಿರುಚಿಕೊಳ್ಳುತ್ತದೆ.

ಹಾಗಾಗಿ ಕೆಲಸ ಘರ್ಷಣೆಯಿಂದ ಶುರುವಾಗಬೇಕು. ಆ ಕಾಲದ ಕಿಟ್‌ಗಳಲ್ಲಿ ಚಕ್ರ ಮತ್ತು ಗೇರುಗಳು ತಿರುಗುತ್ತಿದ್ದದ್ದು ಹೆಚ್ಚಾಗಿ ಪ್ಲಾಸ್ಟಿಕ್ ಅಥವಾ ಲೋಹದ ಬುಷ್‌ಗಳ ಮೇಲೆ. ದೂಳು ಹೊಕ್ಕರೆ ಬುಷ್ ಸವೆಯುತ್ತದೆ, ಗೇರು ಗೇರಿನಿಂದ ದೂರ ಸರಿಯುತ್ತದೆ, ಹಲ್ಲು ಜಾರುತ್ತದೆ. ಅದರ ಜಾಗಕ್ಕೆ ಮುಚ್ಚಿದ ಬಾಲ್ ಬೇರಿಂಗ್ ಹಾಕಿದರೆ ಅದೇ ಬ್ಯಾಟರಿಯಲ್ಲಿ ಟ್ರಕ್ ಹೆಚ್ಚು ಹೊತ್ತು ಓಡುತ್ತದೆ, ಮೋಟಾರು ತಣ್ಣಗಿರುತ್ತದೆ. ತಮಿಯಾ ಕಿಟ್‌ಗಳಲ್ಲಿ ಪದೇ ಪದೇ ಕಾಣುವ ಅಳತೆ 5 ಮಿ.ಮೀ. ಒಳವ್ಯಾಸ, 11 ಮಿ.ಮೀ. ಹೊರವ್ಯಾಸ, 4 ಮಿ.ಮೀ. ದಪ್ಪ. ಆದರೂ ಕಳಚಿದ ಬುಷ್‌ಗಳನ್ನು ಅಳೆದ ಮೇಲೆಯೇ ಕೊಳ್ಳಿ. ಬಿಚ್ಚಿದಾಗ ಗೇರುಪೆಟ್ಟಿಗೆಯಲ್ಲಿ ಮೇಣದಂತೆ ಗಟ್ಟಿಯಾದ ಹಳೇ ಗ್ರೀಸು ಸಿಗುತ್ತದೆ. ಅದನ್ನು ಪೂರ್ತಿ ತೊಳೆದು ಹೊಸತು ಹಚ್ಚಬೇಕು.

ಬಿಚ್ಚುವುದರಲ್ಲೂ ಒಂದು ನಯವಿದೆ. ಜಪಾನಿನ ಸ್ಕ್ರೂಗಳ ತಲೆಯ ಅಡ್ಡಗೀರು ನಮ್ಮ ಮಾಮೂಲಿ ಫಿಲಿಪ್ಸ್ ಅಲ್ಲ, ಜೆಐಎಸ್ ಎಂಬ ಜಪಾನಿ ಮಾನದಂಡದ ಅಳತೆಯದು. ಸಾಧಾರಣ ಸ್ಕ್ರೂಡ್ರೈವರ್ ಹಾಕಿ ಒತ್ತಿದರೆ ತಲೆ ಸವೆದು ಹೋಗುತ್ತದೆ. ಮತ್ತೆ ಜೋಡಿಸುವಾಗ ಪ್ಲಾಸ್ಟಿಕ್ಕಿನೊಳಗೆ ಹೋಗುವ ಸ್ಕ್ರೂವನ್ನು ಮೊದಲು ಹಿಮ್ಮುಖವಾಗಿ ನಿಧಾನಕ್ಕೆ ತಿರುಗಿಸಿ. ಟಕ್ ಎಂದು ಹಳೆಯ ಮರೆಯೊಳಗೆ (ಥ್ರೆಡ್) ಕೂತ ಮೇಲೆ ಬಿಗಿ ಮಾಡಿ. ಮೂವತ್ತೈದು ವರ್ಷ ದಾಟಿದ ಪ್ಲಾಸ್ಟಿಕ್ ಪೆಡಸಾಗಿರುತ್ತದೆ, ಹೊಸ ಮರೆ ಕೊರೆದರೆ ಸೀಳುತ್ತದೆ.

ಎರಡನೆಯದು ಸ್ಟಿಯರಿಂಗ್. ಕ್ಲಾಡ್ ಬಸ್ಟರ್‌ನ ಅತಿ ದೊಡ್ಡ ಕೊರತೆ ಇಲ್ಲೇ ಇದೆ. ನಡುವೆ ಕೂತ ಒಂದೇ ಸರ್ವೋ (ಸ್ಟಿಯರಿಂಗ್ ತಿರುಗಿಸುವ ಪುಟ್ಟ ಮೋಟಾರು) ಉದ್ದುದ್ದ ಸರಳುಗಳ ಮೂಲಕ ನಾಲ್ಕೂ ಚಕ್ರಗಳನ್ನು ತಿರುಗಿಸಬೇಕು. ಅಚ್ಚು ಮೇಲೆ ಕೆಳಗೆ ಆಡಿದಾಗಲೆಲ್ಲ ಸರಳು ಎಳೆದಂತಾಗಿ, ಓಡಿಸುವವರು ಕೇಳದೆಯೇ ಚಕ್ರ ತಿರುಗುತ್ತದೆ. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಪರಿಹಾರ ಸೊಗಸಾಗಿದೆ: ಸರ್ವೋವನ್ನು ಅಚ್ಚಿನ ಮೇಲೆಯೇ ಕೂರಿಸುವುದು. ಅಚ್ಚು ಆಡಿದರೆ ಸರ್ವೋವೂ ಜೊತೆಗೇ ಆಡುತ್ತದೆ. ಹಿಂದಿನ ಅಚ್ಚಿಗೆ ಬೇರೆ ಸರ್ವೋ ಕೊಡಬಹುದು, ಅಥವಾ ಹಿಂದಿನ ಸ್ಟಿಯರಿಂಗನ್ನೇ ಬಂಧಿಸಿಡಬಹುದು. ಹೆಚ್ಚು ಬಲದ, ಲೋಹದ ಗೇರಿನ ಸರ್ವೋ ಇಲ್ಲಿ ನಿಜಕ್ಕೂ ಕಾಸಿಗೆ ತಕ್ಕದ್ದು. ಈ ಒಂದು ಬದಲಾವಣೆಯೇ ಟ್ರಕ್ಕಿನ ನಡತೆಯನ್ನು ಪೂರ್ತಿ ಬದಲಿಸುತ್ತದೆ.

ಆಮೇಲೆ ಸಸ್ಪೆನ್ಷನ್. ಸ್ಪ್ರಿಂಗ್ ಮಾತ್ರ ಇದ್ದರೆ ಟ್ರಕ್ ಚೆಂಡಿನಂತೆ ಪುಟಿಯುತ್ತದೆ. ಸಿಲಿಕಾನ್ ಎಣ್ಣೆ ತುಂಬಿದ ಶಾಕ್ ಆ ಪುಟಿತವನ್ನು ಹೀರುತ್ತದೆ. ಮೋಟಾರಿನ ಬಲಕ್ಕೆ ಅಚ್ಚೇ ತಿರುಚಿಕೊಳ್ಳುವ ಈ ಟ್ರಕ್ಕಿನ ಸ್ವಭಾವಕ್ಕೆ ನಾಲ್ಕು ಸರಳುಗಳ ಜೋಡಣೆ ಒಳ್ಳೆಯ ಮದ್ದು. ಕಂಡದ್ದಕ್ಕೆಲ್ಲ ಅಲ್ಯೂಮಿನಿಯಂ ಹಾಕುವ ಆಸೆ ಮಾತ್ರ ಬೇಡ. ಏಟು ಬಿದ್ದಾಗ ಒಳ್ಳೆಯ ನೈಲಾನ್ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಅಲ್ಯೂಮಿನಿಯಂ ಬಾಗಿದರೆ ಬಾಗಿದ್ದೇ. ಏಟನ್ನು ಮುಂದಕ್ಕೆ, ದುಬಾರಿ ಭಾಗದ ಮೇಲೆ ದಾಟಿಸುವುದೂ ಅದೇ.

ಕೊನೆಗೆ ಮೋಟಾರು ಮತ್ತು ವಿದ್ಯುತ್ತಿನ ವಿಷಯಕ್ಕೆ ಬರೋಣ. ಹಳೆಯ ಕಿಟ್‌ನ ಯಾಂತ್ರಿಕ ಸ್ಪೀಡ್ ಕಂಟ್ರೋಲರ್ ನಿಧಾನವಾಗಿ ಓಡಿಸಲು ವಿದ್ಯುತ್ತನ್ನು ರೆಸಿಸ್ಟರ್ ಮೂಲಕ ಹಾಯಿಸಿ ಬಿಸಿಯಾಗಿ ಪೋಲು ಮಾಡುತ್ತಿತ್ತು. ಎಲೆಕ್ಟ್ರಾನಿಕ್ ಕಂಟ್ರೋಲರ್ ಆ ನಷ್ಟವನ್ನು ಬಹಳಷ್ಟು ತಪ್ಪಿಸುತ್ತದೆ. ಎರಡು ಮೋಟಾರುಗಳ ಹೊರೆ ತಡೆಯುವಂಥದ್ದನ್ನೇ ಆರಿಸಬೇಕು. ಬ್ರಷ್‌ಲೆಸ್ ಮೋಟಾರಿಗೆ ಹೋದರೆ ಒಂದೊಂದಕ್ಕೂ ಪ್ರತ್ಯೇಕ ಕಂಟ್ರೋಲರ್ ಬೇಕು. ಆರು ಸೆಲ್‌ಗಳ 7.2 ವೋಲ್ಟ್ ನಿಕಲ್ ಬ್ಯಾಟರಿಯ ಜಾಗಕ್ಕೆ ಎರಡು ಸೆಲ್‌ಗಳ 7.4 ವೋಲ್ಟ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಬರಬಹುದು. ಆದರೆ ಲಿಪೊ ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿದರೆ ಕೆಡುತ್ತದೆ, ಯಾಂತ್ರಿಕ ಕಂಟ್ರೋಲರ್‌ಗೆ ಅದನ್ನು ತಡೆಯುವ ಶಕ್ತಿಯಿಲ್ಲ. ಚಾರ್ಜಿಗೆ ಹಾಕಿ ಮನೆ ಬಿಟ್ಟು ಹೋಗುವುದಂತೂ ಸಲ್ಲದು, ಲಿಪೊ ಬೆಂಕಿ ಹತ್ತುವ ಜಾತಿಯದು.

ಸರ್ವೋ, ಬ್ಯಾಟರಿಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕಬಹುದು. ಬೇರಿಂಗುಗಳು ಸಾಮಾನ್ಯ ಬೇರಿಂಗ್ ಅಂಗಡಿಯಲ್ಲೂ ಸಿಕ್ಕಾವು. ಟ್ರಕ್ಕಿನ ಸ್ವಂತ ಭಾಗಗಳಿಗೆ ಹೊರದೇಶವೇ ಗತಿ. ಸೂಪರ್ ಕ್ಲಾಡ್ ಬಸ್ಟರ್ ಎಂಬ ಹೆಸರಿನಲ್ಲಿ ತಮಿಯಾ ಇದನ್ನು ಮರುಬಿಡುಗಡೆ ಮಾಡಿದ್ದರಿಂದ ಹಳೆಯ ಗಾಡಿ ಇಟ್ಟುಕೊಂಡವರಿಗೂ ದಾರಿ ಉಳಿದಿದೆ.

ಕೊನೆಯದಾಗಿ ಒಂದು ವಿನಂತಿ. ಕಳಚಿದ ಮೂಲ ಭಾಗಗಳನ್ನು, ಸವೆದಿದ್ದರೂ ಸರಿ, ಎಸೆಯಬೇಡಿ. ಹೆಸರು ಬರೆದು ಚೀಲದಲ್ಲಿಡಿ. 1987ರ ಟ್ರಕ್ಕನ್ನು 1987ರಲ್ಲಿದ್ದ ಹಾಗೆಯೇ ನೋಡಲು ಬಯಸುವವರು ಮುಂದೆ ನಿಮ್ಮ ಮನೆಯಲ್ಲೇ ಹುಟ್ಟಬಹುದು, ಅವರಿಗೆ ಅವು ಬೇಕಾಗುತ್ತವೆ.