ಜಾಲತಾಣ ಕಟ್ಟಲು ಯಾವ ಭಾಷೆ ಲೇಸು?

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾಗುವ ದಿನ ಲಕ್ಷಾಂತರ ವಿದ್ಯಾರ್ಥಿಗಳು ಜಾಲತಾಣದಲ್ಲಿ ತಮ್ಮ ನೋಂದಣಿ ಸಂಖ್ಯೆಯನ್ನು ತುಂಬುತ್ತಾರೆ. ಪ್ರತಿಯೊಬ್ಬರಿಗೂ ಅವರವರ ಅಂಕಗಳಿರುವ ಪುಟವೇ ತೆರೆದುಕೊಳ್ಳುತ್ತದೆ. ಅಷ್ಟೂ ಪುಟಗಳನ್ನು ಯಾರೂ ಕುಳಿತು ಒಂದೊಂದಾಗಿ ಬರೆದಿರುವುದಿಲ್ಲ. ಸರ್ವರ್‌ನಲ್ಲಿರುವ ಪ್ರೋಗ್ರಾಮು ಸಂಖ್ಯೆಯನ್ನು ನೋಡಿ, ಡೇಟಾಬೇಸಿನಿಂದ ಅಂಕಗಳನ್ನು ಹೆಕ್ಕಿ ಪುಟವನ್ನು ಸಿದ್ಧಪಡಿಸುತ್ತದೆ. ಹೀಗೆ ಕೇಳಿದವರಿಗೆ ತಕ್ಕಂತೆ ರೂಪುಗೊಳ್ಳುವ ಪುಟಗಳೇ ಡೈನಮಿಕ್ ಪುಟಗಳು.

ಇಂತಹ ತಾಣ ಬೇಕೆಂದು ಹೊರಟ ಶಾಲೆ, ಸಹಕಾರ ಸಂಘ ಅಥವಾ ಪತ್ರಿಕೆಗೆ ಮೊದಲು ಎದುರಾಗುವ ಪ್ರಶ್ನೆ, ಆ ಪ್ರೋಗ್ರಾಮನ್ನು ಯಾವ ಭಾಷೆಯಲ್ಲಿ ಬರೆಸಬೇಕು ಎಂಬುದು. ಒಬ್ಬ ತಂತ್ರಜ್ಞ ಪಿಎಚ್‌ಪಿ ಎನ್ನುತ್ತಾನೆ, ಇನ್ನೊಬ್ಬ ಪೈಥಾನ್ ಎನ್ನುತ್ತಾನೆ, ಮತ್ತೊಬ್ಬ ಜಾವಾ ಇಲ್ಲದೆ ಆಗದು ಎನ್ನುತ್ತಾನೆ. ಪ್ರತಿಯೊಬ್ಬನೂ ಹೇಳುವುದು ತನಗೆ ಬರುವ ಭಾಷೆಯನ್ನೇ. ಆಯ್ಕೆ ತಪ್ಪಾದರೆ ಅದು ಉದ್ಘಾಟನೆಯ ದಿನ ಗೊತ್ತಾಗುವುದಿಲ್ಲ. ಕಟ್ಟಿಕೊಟ್ಟವನು ಬೇರೆ ಕೆಲಸಕ್ಕೆ ಹೋದ ಮೇಲೆ ಗೊತ್ತಾಗುತ್ತದೆ.

ಹುಟ್ಟಿದ್ದು ಹೇಗೆ?

ವೆಬ್‌ನ ಆರಂಭದ ದಿನಗಳಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಪರ್ಲ್ ಭಾಷೆ ಬಳಕೆಯಲ್ಲಿತ್ತು. ರಾಸ್ಮಸ್ ಲೆರ್ಡಾರ್ಫ್ ತಮ್ಮ ಸ್ವಂತ ಪುಟದ ಅಗತ್ಯಗಳಿಗೆಂದು ಬರೆದುಕೊಂಡ ಸಾಧನಗಳನ್ನು 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಪಿಎಚ್‌ಪಿಯ ಮೂಲ. ಪುಟದ ನಡುವೆಯೇ ಪ್ರೋಗ್ರಾಮಿನ ಸಾಲುಗಳನ್ನು ಸೇರಿಸಬಹುದಾದ ಸೌಕರ್ಯ ಹಾಗೂ ಅಗ್ಗದ ಸರ್ವರ್‌ಗಳಲ್ಲೂ ನಡೆಯುವ ಗುಣದಿಂದ ಅದು ಬಹುಬೇಗ ಹಬ್ಬಿತು. ಅದೇ ವರ್ಷ ಜಾವಾ ಬಂದಿತು. 1996ರಲ್ಲಿ ಮೈಕ್ರೋಸಾಫ್ಟ್ ಎಎಸ್‌ಪಿಯನ್ನು ತಂದಿತು. ಬ್ರೌಸರ್‌ಗೆಂದೇ ಹುಟ್ಟಿದ್ದ ಜಾವಾಸ್ಕ್ರಿಪ್ಟ್ 2009ರಲ್ಲಿ ನೋಡ್ ಜೆಎಸ್ ಮೂಲಕ ಸರ್ವರ್‌ನಲ್ಲೂ ಹೊಸ ನೆಲೆ ಕಂಡುಕೊಂಡಿತು.

ಪೈಥಾನ್‌ನ ಜಾಂಗೋ ಚೌಕಟ್ಟು ರೂಪುಗೊಂಡದ್ದು ಪತ್ರಿಕಾ ಕಚೇರಿಯೊಂದರಲ್ಲಿ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಜರ್ನಲ್ ವರ್ಲ್ಡ್ ದೈನಿಕದ ತಂತ್ರಜ್ಞರಾಗಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಪಿಎಚ್‌ಪಿಯನ್ನು ಬಿಟ್ಟು ಪೈಥಾನ್ ಹಿಡಿದರು. ಸುದ್ದಿಮನೆಯಲ್ಲಿ ಹೊಸ ವಿಭಾಗಗಳನ್ನು ಗಂಟೆಗಳ ಲೆಕ್ಕದಲ್ಲಿ ಕಟ್ಟಿಕೊಡಬೇಕಿತ್ತು. ಆ ಅವಸರಕ್ಕೆಂದು ಮಾಡಿಕೊಂಡ ಸಿದ್ಧ ಭಾಗಗಳೇ 2005ರಲ್ಲಿ ಜಾಂಗೋ ಎಂಬ ಹೆಸರಿನಿಂದ ಹೊರಬಂದವು. ಅವರು ಭಾಷೆಯನ್ನು ಆರಿಸಿದ್ದು ತಮ್ಮ ಕೆಲಸದ ಸ್ವರೂಪವನ್ನು ನೋಡಿ.

ವೇಗವೇ ಮುಖ್ಯವೇ?

‘ಆ ಭಾಷೆ ನಿಧಾನ, ಈ ಭಾಷೆ ವೇಗ’ ಎಂಬ ವಾದ ಸದಾ ಕೇಳಿಬರುತ್ತದೆ. ವಿಕಿಪೀಡಿಯ 2001ರಲ್ಲಿ ಪರ್ಲ್ ತಂತ್ರಾಂಶದೊಡನೆ ಆರಂಭವಾಗಿ 2002ರಲ್ಲಿ ಪಿಎಚ್‌ಪಿಗೆ ಬಂದಿತು. ಇಂದಿಗೂ ಅದು ನಡೆಯುತ್ತಿರುವುದು ಪಿಎಚ್‌ಪಿಯಲ್ಲೇ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಹಿಂದಿರುವುದೂ ಅದೇ ತಂತ್ರಾಂಶ. ಒಮ್ಮೆ ಸಿದ್ಧವಾದ ಪುಟವನ್ನು ಕೂಡಿಟ್ಟು ಮತ್ತೆ ಮತ್ತೆ ಬಡಿಸುವ ಕ್ಯಾಷ್ ವ್ಯವಸ್ಥೆ ಅಲ್ಲಿ ಹೆಚ್ಚಿನ ಹೊರೆಯನ್ನು ಹೊರುತ್ತದೆ. 2006ರಲ್ಲಿ ರೂಬಿ ಆನ್ ರೈಲ್ಸ್‌ನಲ್ಲಿ ಹುಟ್ಟಿದ ಟ್ವಿಟರ್ ಮಾತ್ರ ದಟ್ಟಣೆ ಮಿತಿಮೀರಿದಾಗ ಹಲವು ಭಾಗಗಳನ್ನು ಸ್ಕಾಲಾ ಮತ್ತು ಜಾವಾಕ್ಕೆ ಸಾಗಿಸಬೇಕಾಯಿತು. ಆದರೆ ಕೋಟ್ಯಂತರ ಬಳಕೆದಾರರ ಆ ಸಂಕಟ ಒಂದು ಕಾಲೇಜಿನ ತಾಣಕ್ಕೆ ಬರುವಂಥದ್ದಲ್ಲ. ಸಣ್ಣ ತಾಣ ನಿಧಾನವಾಗಿದ್ದರೆ ಸಾಮಾನ್ಯವಾಗಿ ಅದಕ್ಕೆ ಕಾರಣ ಭಾರವಾದ ಚಿತ್ರಗಳು ಅಥವಾ ಡೇಟಾಬೇಸನ್ನು ಸರಿಯಾಗಿ ಕೇಳದ ಪ್ರಶ್ನೆಗಳು.

ಕನ್ನಡದ ಪರೀಕ್ಷೆ

ಕನ್ನಡ ತಾಣಕ್ಕೆ ಇನ್ನೊಂದು ಪರೀಕ್ಷೆ ಅಗತ್ಯ. ‘ಕನ್ನಡ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು 3 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕ, ನ, ವಿರಾಮ ಚಿಹ್ನೆ, ನ, ಡ ಎಂದು 5 ಸಂಕೇತಗಳು. ಯುಟಿಎಫ್-8 ರೂಪದಲ್ಲಿ ಅದೇ ಪದಕ್ಕೆ 15 ಬೈಟ್‌ಗಳು ಬೇಕು. ಪಿಎಚ್‌ಪಿಯ ಸಾಮಾನ್ಯ ಆದೇಶ ಪದದ ಉದ್ದವನ್ನು 15 ಎನ್ನುತ್ತದೆ. ಪೈಥಾನ್ 3 ಮತ್ತು ಜಾವಾ 5 ಎನ್ನುತ್ತವೆ. ಶೀರ್ಷಿಕೆಯನ್ನು ಇಷ್ಟೇ ಉದ್ದಕ್ಕೆ ಕತ್ತರಿಸು ಎಂದು ಬರೆದ ಪ್ರೋಗ್ರಾಮು ಬೈಟ್ ಲೆಕ್ಕ ಹಿಡಿದರೆ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆ ಮೂಡಬಹುದು. ಸಂಕೇತದ ಲೆಕ್ಕ ಹಿಡಿದರೂ ‘ಕನ್’ ಎಂದು ಅರ್ಧಕ್ಕೆ ನಿಲ್ಲಬಹುದು. ಪಿಎಚ್‌ಪಿಯಲ್ಲೂ ಇದಕ್ಕೆ ಪ್ರತ್ಯೇಕ ಆದೇಶಗಳಿವೆ. ಬಳಸುವವನಿಗೆ ಅವು ಗೊತ್ತಿರಬೇಕು. ಹೆಸರು, ವಿಳಾಸ, ಹುಡುಕಾಟಗಳನ್ನು ಕನ್ನಡದಲ್ಲೇ ಪರೀಕ್ಷಿಸಿ ತೋರಿಸುವಂತೆ ಕೇಳುವುದು ಮಾಡಿಸುವವರ ಹಕ್ಕು.

ಆಯುಸ್ಸು ಮತ್ತು ಭದ್ರತೆ

ಭಾಷೆಗಳ ಆವೃತ್ತಿಗಳಿಗೂ ಆಯುಸ್ಸುಂಟು. ಪಿಎಚ್‌ಪಿ 5ರ ಕೊನೆಯ ಆವೃತ್ತಿಗೆ 2018ರ ಅಂತ್ಯದಲ್ಲಿ, ಪೈಥಾನ್ 2ಕ್ಕೆ 2020ರ ಜನವರಿ 1ರಂದು ಮೂಲ ತಂಡಗಳ ಬೆಂಬಲ ನಿಂತಿತು. ಅನಂತರ ಪತ್ತೆಯಾಗುವ ದೋಷಗಳಿಗೆ ಆ ತಂಡಗಳಿಂದ ಪರಿಹಾರ ದೊರೆಯದು. ಸದಸ್ಯರ ದೂರವಾಣಿ, ಖಾತೆಯ ವಿವರಗಳನ್ನು ಇಟ್ಟುಕೊಂಡ ತಾಣ ಅಂತಹ ಆವೃತ್ತಿಯ ಮೇಲೆ ನಡೆಯುತ್ತಿದ್ದರೆ ಅಪಾಯ ಸದಸ್ಯರಿಗೆ. ಬಳಕೆದಾರ ತುಂಬಿದ ಮಾತನ್ನು ಡೇಟಾಬೇಸಿನ ಆದೇಶದೊಳಗೆ ನೇರವಾಗಿ ಬೆರೆಸಿದರೆ ಕಳ್ಳರಿಗೆ ಬಾಗಿಲು ತೆರೆದಂತೆ. ಅದು ಎಲ್ಲ ಭಾಷೆಗಳಲ್ಲೂ ಆಗಬಹುದಾದ ತಪ್ಪು.

ಹಾಗಾದರೆ ಯಾವುದು?

ತಿಂಗಳಿಗೊಮ್ಮೆ ಬದಲಾಗುವ ನಾಲ್ಕು ಪುಟಗಳಿದ್ದರೆ ಡೈನಮಿಕ್ ತಾಣವೇ ಬೇಕಿಲ್ಲ. ಸುದ್ದಿ, ಪ್ರಕಟಣೆ, ಲೇಖನಗಳಿಗೆ ಪಿಎಚ್‌ಪಿಯಲ್ಲಿರುವ ವರ್ಡ್‌ಪ್ರೆಸ್ ಅಥವಾ ಡ್ರುಪಾಲ್ ಸಾಕು. ಕಡಿಮೆ ಬೆಲೆಯ ಸರ್ವರ್ ದೊರೆಯುತ್ತದೆ, ನಿರ್ವಹಿಸಬಲ್ಲವರು ಸಿಗುವುದೂ ಸುಲಭ. ಅರ್ಜಿ, ದಾಖಲೆ, ಲೆಕ್ಕಪತ್ರಗಳ ತಾಣಕ್ಕೆ ಆಡಳಿತದ ಪುಟಗಳನ್ನು ತಾನೇ ಒದಗಿಸುವ ಜಾಂಗೋ ಅನುಕೂಲ. ಕ್ಷಣಕ್ಷಣಕ್ಕೂ ಸಂದೇಶಗಳು ಹರಿದಾಡುವ ತಾಣಕ್ಕೆ ನೋಡ್ ಹೊಂದುತ್ತದೆ. ಜಾವಾ ಅಥವಾ ಡಾಟ್ ನೆಟ್ ಬಲ್ಲ ಸಿಬ್ಬಂದಿ ಈಗಾಗಲೇ ಇರುವ ಸಂಸ್ಥೆಗೆ ಅದನ್ನು ಬಿಟ್ಟುಕೊಡಲು ಕಾರಣವಿಲ್ಲ.

ಭಾಷೆ ಯಾವುದೇ ಆಗಲಿ, ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೂರು ಸಂಗತಿಗಳನ್ನು ಬರೆಸಿಕೊಳ್ಳುವುದು ಒಳಿತು: ಪ್ರೋಗ್ರಾಮಿನ ಮೂಲ ಪ್ರತಿ ಸಂಸ್ಥೆಯ ಕೈಯಲ್ಲಿರಬೇಕು, ತಾಣದ ಹೆಸರು ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಬೇಕು, ಆವೃತ್ತಿ ಹಳತಾದಾಗ ಬದಲಿಸುವ ಹೊಣೆ ಯಾರದೆಂದು ಸ್ಪಷ್ಟವಾಗಿರಬೇಕು. ಈ ಮೂರೂ ಇದ್ದರೆ ಕಟ್ಟಿದವನು ಹೊರಟುಹೋದರೂ ತಾಣವನ್ನು ಇನ್ನೊಬ್ಬರು ಮುನ್ನಡೆಸಬಹುದು.