ಮೆಗಾಪಿಕ್ಸೆಲ್‌ನ ಆಚೆ: ಮೊಬೈಲ್ ಕ್ಯಾಮೆರಾದ ಬೆಳಕು ಮತ್ತು ಲೆಕ್ಕ

2000ದ ನವೆಂಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಶಾರ್ಪ್ ಕಂಪನಿಯ ಜೆ-ಎಸ್‌ಎಚ್04 ಫೋನಿನ ಕ್ಯಾಮೆರಾದಲ್ಲಿ ಇದ್ದದ್ದು ಸುಮಾರು 1.1 ಲಕ್ಷ ಚಿತ್ರಬಿಂದುಗಳು, ಅಂದರೆ 0.11 ಮೆಗಾಪಿಕ್ಸೆಲ್. 2007ರಲ್ಲಿ ಮಲ್ಟಿಮೀಡಿಯಾ ಫೋನುಗಳಿಗೆ ಮಾದರಿಯೆನಿಸಿದ್ದ ನೋಕಿಯಾ ಎನ್95ರಲ್ಲಿ ಈ ಸಂಖ್ಯೆ 5 ಮೆಗಾಪಿಕ್ಸೆಲ್ ಆಗಿತ್ತು. 2023ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್23 ಅಲ್ಟ್ರಾದಲ್ಲಿ 200 ಮೆಗಾಪಿಕ್ಸೆಲ್ ಆಯಿತು. ಎನ್95 ಸುಮಾರು 21 ಮಿಲಿಮೀಟರ್ ದಪ್ಪವಿದ್ದರೆ ಎಸ್23 ಅಲ್ಟ್ರಾ 9 ಮಿಲಿಮೀಟರ್ ಕೂಡ ಇಲ್ಲ. ಮಸೂರಕ್ಕೆ ಸಿಗುವ ಜಾಗ ಕುಗ್ಗುತ್ತ ಹೋದರೂ ಚಿತ್ರದ ಗುಣ ಏರುತ್ತ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಪೆಟ್ಟಿಗೆಯ ಮೇಲೆ ಅಚ್ಚಾದ ಮೆಗಾಪಿಕ್ಸೆಲ್ ಸಂಖ್ಯೆಯಲ್ಲಿ ಉತ್ತರ ಸಿಗುವುದಿಲ್ಲ. ದುಬಾರಿ ಫೋನೊಂದರ ಗುಣದೋಷಗಳನ್ನು ಅಳೆಯಹೊರಟವರು ಮೊದಲು ಆ ಸಂಖ್ಯೆಯನ್ನು ದಾಟಿ ಒಳಗೆ ಇಣುಕಬೇಕಾಗುತ್ತದೆ.

ಕ್ಯಾಮೆರಾದ ಮೂಲ ಅಂಗ ಸಂವೇದಕ, ಅಂದರೆ ಸೆನ್ಸರ್. ಉಗುರಿಗಿಂತ ಚಿಕ್ಕದಾದ ಈ ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿನ ಕಣಗಳಾದ ಫೋಟಾನ್‌ಗಳು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ. ಪ್ರತಿಯೊಂದು ಚಿತ್ರಬಿಂದುವಿನಲ್ಲಿ ಸಂಗ್ರಹವಾದ ಎಲೆಕ್ಟ್ರಾನ್‌ಗಳ ಪ್ರಮಾಣವೇ ಅಲ್ಲಿನ ಬೆಳಕಿನ ಅಳತೆ. ಇಂದು ಫೋನುಗಳಲ್ಲಿರುವ ಸಿಮಾಸ್ ಬಗೆಯ ಸಂವೇದಕದ ಬೇರು ಇರುವುದು ಬಾಹ್ಯಾಕಾಶ ಸಂಶೋಧನೆಯಲ್ಲಿ. 1990ರ ದಶಕದ ಆರಂಭದಲ್ಲಿ ನಾಸಾದ ಜೆಟ್ ಪ್ರೊಪಲ್ಶನ್ ಪ್ರಯೋಗಾಲಯದಲ್ಲಿ ಎರಿಕ್ ಫಾಸಮ್ ಮತ್ತು ಸಂಗಡಿಗರು ಗಗನನೌಕೆಗಳ ಕ್ಯಾಮೆರಾ ಹಗುರವಾಗಿ, ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡಬೇಕೆಂದು ಇದನ್ನು ರೂಪಿಸಿದರು. ಬ್ಯಾಟರಿಯನ್ನು ನೆಚ್ಚಿಕೊಂಡ ಫೋನಿಗೆ ಬೇಕಾಗಿದ್ದುದೂ ಇವೇ ಎರಡು ಗುಣಗಳು.

ಸಂವೇದಕ ಬೆಳಕಿನ ಪ್ರಮಾಣವನ್ನು ಅರಿಯಬಲ್ಲದು, ಬಣ್ಣವನ್ನಲ್ಲ. ಆದ್ದರಿಂದ ಪ್ರತಿ ಬಿಂದುವಿನ ಮೇಲೆ ಕೆಂಪು, ಹಸಿರು ಅಥವಾ ನೀಲಿ ಬಣ್ಣದ ಒಂದು ಸೋಸುಗವನ್ನು ಕೂರಿಸಲಾಗುತ್ತದೆ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ರೂಪಿಸಿ 1976ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸದಲ್ಲಿ ಅರ್ಧದಷ್ಟು ಬಿಂದುಗಳು ಹಸಿರಿಗೆ ಮೀಸಲು, ತಲಾ ಕಾಲು ಭಾಗ ಕೆಂಪಿಗೆ ಮತ್ತು ನೀಲಿಗೆ. ಮನುಷ್ಯನ ಕಣ್ಣು ಹಸಿರಿನ ಆಸುಪಾಸಿನ ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿರುವುದೇ ಈ ಪಕ್ಷಪಾತಕ್ಕೆ ಕಾರಣ. ಪ್ರತಿ ಬಿಂದುವೂ ಮೂರರಲ್ಲಿ ಒಂದೇ ಬಣ್ಣವನ್ನು ಅಳೆಯುವುದರಿಂದ ಉಳಿದೆರಡನ್ನು ನೆರೆಯ ಬಿಂದುಗಳನ್ನು ನೋಡಿ ಅಂದಾಜು ಮಾಡಬೇಕು. ಡಿಜಿಟಲ್ ಚಿತ್ರವೊಂದರ ಬಣ್ಣದ ಮಾಹಿತಿಯಲ್ಲಿ ಮೂರನೆಯ ಎರಡು ಭಾಗ ಹೀಗೆ ಲೆಕ್ಕದಿಂದ ಹುಟ್ಟಿದ್ದು. ಅಳತೆ ಮತ್ತು ಅಂದಾಜಿನ ಈ ಬೆರಕೆ ಫೋನುಗಳು ತಂದ ಹೊಸ ಚಾಳಿಯಲ್ಲ. ಡಿಜಿಟಲ್ ಛಾಯಾಗ್ರಹಣದ ಬುನಾದಿಯಲ್ಲೇ ಇದೆ.

ಫೋನಿನಲ್ಲಿ ಈ ಬೆರಕೆ ಗಾಢವಾಗುವುದಕ್ಕೆ ಭೌತವಿಜ್ಞಾನದ ಎರಡು ಮಿತಿಗಳು ಕಾರಣ. ಮೊದಲನೆಯದು ವಿವರ್ತನೆ. ಬೆಳಕು ತರಂಗವಾಗಿರುವುದರಿಂದ ಎಷ್ಟೇ ನಿಖರವಾದ ಮಸೂರವೂ ಅದನ್ನು ಸೂಜಿಮೊನೆಯಂಥ ಬಿಂದುವಿಗೆ ಇಳಿಸಲಾರದು. ಒಂದು ಪುಟ್ಟ ತಟ್ಟೆಯಾಗಿಯೇ ಅದು ಹರಡಿಕೊಳ್ಳುತ್ತದೆ. ಎಫ್/1.8 ದ್ಯುತಿರಂಧ್ರದ ಮಸೂರದಲ್ಲಿ ಹಸಿರು ಬೆಳಕಿನ ಈ ತಟ್ಟೆಯ ವ್ಯಾಸ ಸುಮಾರು 2.4 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡೂವರೆ ಭಾಗಕ್ಕಿಂತ ತುಸು ಕಡಿಮೆ. 200 ಮೆಗಾಪಿಕ್ಸೆಲ್ ಸಂವೇದಕದಲ್ಲಿ ಒಂದು ಬಿಂದುವಿನ ಅಗಲ 0.6 ಮೈಕ್ರಾನ್ ಮಾತ್ರ. ಅದು ಕೆಂಪು ಬೆಳಕಿನ ತರಂಗಾಂತರಕ್ಕಿಂತಲೂ ಕಿರಿದು. ಬೆಳಕಿನ ಒಂದೊಂದು ತಟ್ಟೆಯೂ ಹತ್ತಾರು ಬಿಂದುಗಳ ಮೇಲೆ ಚಾಚಿಕೊಳ್ಳುವಾಗ ಇಪ್ಪತ್ತು ಕೋಟಿ ಬಿಂದುಗಳಿದ್ದ ಮಾತ್ರಕ್ಕೆ ಇಪ್ಪತ್ತು ಕೋಟಿ ಪ್ರತ್ಯೇಕ ವಿವರಗಳು ದೊರಕಲಾರವು.

ಎರಡನೆಯ ಮಿತಿ ಬೆಳಕಿನ ಕೊರತೆ. 36 ಮತ್ತು 24 ಮಿಲಿಮೀಟರ್ ಅಳತೆಯ ಸಂವೇದಕವಿರುವ ವೃತ್ತಿಪರ ಕ್ಯಾಮೆರಾಗೆ ಹೋಲಿಸಿದರೆ ದುಬಾರಿ ಫೋನಿನ ಈ ಸಂವೇದಕದ ವಿಸ್ತೀರ್ಣ ಹನ್ನೆರಡರಲ್ಲಿ ಒಂದು ಪಾಲು. ಫೋಟಾನ್‌ಗಳು ಸಮಾನ ಅಂತರದಲ್ಲಿ ಸಾಲಾಗಿ ಬರುವುದಿಲ್ಲ; ಅವುಗಳ ಆಗಮನದಲ್ಲಿ ಸಹಜವಾದ ಏರುಪೇರು ಇರುತ್ತದೆ. ಆ ಏರುಪೇರು ಒಟ್ಟು ಸಂಖ್ಯೆಯ ವರ್ಗಮೂಲದಷ್ಟು: ಹತ್ತು ಸಾವಿರ ಫೋಟಾನ್‌ಗಳಲ್ಲಿ ನೂರು, ಅಂದರೆ ಶೇ. 1, ನೂರು ಫೋಟಾನ್‌ಗಳಲ್ಲಿ ಹತ್ತು, ಅಂದರೆ ಶೇ. 10. ಮಂದ ಬೆಳಕಿನ ಚಿತ್ರಗಳಲ್ಲಿ ಮರಳು ಎರಚಿದಂತೆ ಕಾಣುವ ಕಲೆಗಳಲ್ಲಿ ಬಹುಪಾಲು ಸಂವೇದಕದ ದೋಷವಲ್ಲ, ಬೆಳಕಿನದೇ ಸ್ವಭಾವ.

ಈ ಮಿತಿಗಳನ್ನು ಮುರಿಯಲು ಬಾರದು, ಬಳಸಿಕೊಂಡು ಹೋಗಬಹುದು. 2012ರ ನೋಕಿಯಾ 808 ಪ್ಯೂರ್‌ವ್ಯೂ 41 ಮೆಗಾಪಿಕ್ಸೆಲ್ ಸಂವೇದಕದ ಹಲವು ಬಿಂದುಗಳ ಅಳತೆಯನ್ನು ಸೇರಿಸಿ ಒಂದಾಗಿಸಿ, 5 ಅಥವಾ 8 ಮೆಗಾಪಿಕ್ಸೆಲ್‌ನ ಶುದ್ಧ ಚಿತ್ರವನ್ನು ಕೊಡುತ್ತಿತ್ತು. 200 ಮೆಗಾಪಿಕ್ಸೆಲ್ ಫೋನು ಕೂಡ ಮಾಮೂಲಿಯಾಗಿ ಹದಿನಾರು ಬಿಂದುಗಳನ್ನು ಒಗ್ಗೂಡಿಸಿ ಸುಮಾರು 12 ಮೆಗಾಪಿಕ್ಸೆಲ್ ಚಿತ್ರವನ್ನೇ ಉಳಿಸಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಹೆಚ್ಚಿನ ಸಂದರ್ಭಗಳಲ್ಲಿ ಚಿತ್ರದ ಗಾತ್ರವಲ್ಲ, ಲೆಕ್ಕಕ್ಕೆ ಒದಗುವ ಕಚ್ಚಾವಸ್ತು.

ಇದಕ್ಕಿಂತ ಪರಿಣಾಮಕಾರಿಯಾದ ಉಪಾಯ ಒಂದರ ಬದಲು ಅನೇಕ ಚಿತ್ರಗಳನ್ನು ತೆಗೆಯುವುದು. ಒಂದೇ ಘಟನೆಯನ್ನು ಕಂಡ ಹಲವು ಸಾಕ್ಷಿಗಳಲ್ಲಿ ಒಬ್ಬೊಬ್ಬರ ತಪ್ಪು ಒಂದೊಂದು ಬಗೆಯದಾದರೂ ಎಲ್ಲರ ಹೇಳಿಕೆಗೂ ಸಮಾನವಾದದ್ದು ನಿಜಕ್ಕೆ ಹತ್ತಿರವಿರುವಂತೆ, ಚಿತ್ರಗಳ ಸರಾಸರಿಯಲ್ಲಿ ದೃಶ್ಯ ಉಳಿದು ಕಲೆಗಳು ಕರಗುತ್ತವೆ. ಒಂಬತ್ತು ಚಿತ್ರಗಳನ್ನು ಸೇರಿಸಿದರೆ ಕಲೆ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೈ ನಡುಗಿದ್ದನ್ನೂ ದೃಶ್ಯದಲ್ಲಿ ಯಾರೋ ಚಲಿಸಿದ್ದನ್ನೂ ಗುರುತಿಸಿ, ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಹೊಂದಿಸುವುದೇ ಇಲ್ಲಿನ ಕಠಿಣ ಕೆಲಸ. 2018ರಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳಿಗೆ ಬಂದ ನೈಟ್ ಸೈಟ್ ಹೀಗೆ 15 ಚಿತ್ರಗಳವರೆಗೆ ಜೋಡಿಸಿ ಕತ್ತಲ ಕೋಣೆಯನ್ನೂ ಕಣ್ಣಿಗೆ ಕಾಣಿಸಿತು. ಹಗಲಿನಲ್ಲಿ ನಡೆಯುವುದು ಇನ್ನೂ ಸೋಜಿಗದ್ದು. ಕ್ಯಾಮೆರಾ ತೆರೆದ ಕ್ಷಣದಿಂದಲೇ ಫೋನು ಸದ್ದಿಲ್ಲದೆ ಚಿತ್ರಗಳನ್ನು ಹಿಡಿಯುತ್ತ, ಹಳೆಯದನ್ನು ಅಳಿಸುತ್ತ ಇರುತ್ತದೆ. ಗುಂಡಿ ಒತ್ತಿದಾಗ ಅದಕ್ಕೂ ಮುಂಚೆ ಸೆರೆಯಾದ ಚಿತ್ರಗಳು ಲೆಕ್ಕಕ್ಕೆ ಸೇರುತ್ತವೆ.

ವಿಡಿಯೊದಲ್ಲಿ ಈ ಲೆಕ್ಕಕ್ಕೆ ಬಿಡುವೇ ಇಲ್ಲ. 4ಕೆ ಚಿತ್ರವೊಂದರಲ್ಲಿ 3840 ಅಡ್ಡ ಮತ್ತು 2160 ಉದ್ದ, ಒಟ್ಟು ಸುಮಾರು 83 ಲಕ್ಷ ಬಿಂದುಗಳಿರುತ್ತವೆ. ಸೆಕೆಂಡಿಗೆ 60 ಚಿತ್ರಗಳಾದರೆ ಸುಮಾರು 50 ಕೋಟಿ ಬಿಂದುಗಳ ಬಣ್ಣ ಕಟ್ಟಿ, ಅಲುಗಾಟ ತಿದ್ದಿ, ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಉಳಿಸಿಕೊಂಡು ಕಡತವನ್ನು ಕುಗ್ಗಿಸಬೇಕು. ಒಂದೊಂದು ಚಿತ್ರಕ್ಕೂ ದೊರೆಯುವ ಸಮಯ ಸೆಕೆಂಡಿನ ಅರುವತ್ತರಲ್ಲಿ ಒಂದು ಭಾಗ. ಇಷ್ಟು ದುಡಿಮೆಯಿಂದ ಹುಟ್ಟುವ ಶಾಖವನ್ನು ಹೊರಹಾಕಲು ಸಾಮಾನ್ಯವಾಗಿ ಫೋನಿನೊಳಗೆ ಫ್ಯಾನ್ ಇರುವುದಿಲ್ಲ. ಬಿಸಿ ಏರಿದಂತೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆದಕಾರಣ ಹವಾನಿಯಂತ್ರಿತ ಕೋಣೆಯಲ್ಲಿ ಅರ್ಧ ನಿಮಿಷ ವಿಡಿಯೊ ತೆಗೆದು ಬರೆದ ಮೆಚ್ಚುಗೆಗಿಂತ ಬೇಸಗೆಯ ಬಿಸಿಲಿನಲ್ಲಿ ಇಡೀ ಮೆರವಣಿಗೆಯನ್ನು ಸೆರೆಹಿಡಿದು ನೋಡಿದ ಪರೀಕ್ಷೆಗೆ ಬೆಲೆ ಹೆಚ್ಚು.

ಪರೀಕ್ಷೆಯ ವಿಧಾನವೂ ಹೀಗೆ ಬದಲಾಗಬೇಕಾಗಿದೆ. ಗೆರೆಗಳ ಪಟವನ್ನೂ 24 ಬಣ್ಣದ ಚೌಕಗಳ ಫಲಕವನ್ನೂ ಎದುರಿಗಿಟ್ಟು ಅಳೆಯುವ ಕ್ರಮ ಮಸೂರ ಮತ್ತು ಸಂವೇದಕಗಳ ಬಗ್ಗೆ ಸರಿಯಾಗಿಯೇ ಹೇಳುತ್ತದೆ. ಆದರೆ ಲೆಕ್ಕ ಎಡವುವುದು ಬೇರೆಡೆ. ಒಂದೇ ಚೌಕಟ್ಟಿನಲ್ಲಿ ಟ್ಯೂಬ್‌ಲೈಟೂ ದೀಪದ ಬೆಳಕೂ ಇರುವ ಮನೆ, ಓಡುವ ಮಗು, ಗಾಳಿಗೆ ಹಾರುವ ಮುಂಗುರುಳು, ಹಿನ್ನೆಲೆಯನ್ನು ಮಸುಕಾಗಿಸುವಾಗ ಕತ್ತರಿಸಿಹೋಗುವ ಕನ್ನಡಕದ ಅಂಚು, ಒಂದೇ ಕುಟುಂಬದ ಗುಂಪುಚಿತ್ರದಲ್ಲಿ ಕಪ್ಪು, ಗೋಧಿ, ಬಿಳಿ ಎಲ್ಲ ಮೈಬಣ್ಣಗಳು: ಒಳ್ಳೆಯ ಫೋನನ್ನೂ ಸಾಧಾರಣ ಫೋನನ್ನೂ ಬೇರ್ಪಡಿಸುವುದು ಇಂಥವು.

2023ರಲ್ಲಿ ಎದ್ದ ಚಂದ್ರನ ಚಿತ್ರದ ವಿವಾದ ಈ ವಿಚಾರವನ್ನು ಇನ್ನೂ ಹರಿತಗೊಳಿಸಿತು. ಬಳಕೆದಾರನೊಬ್ಬ ಬೇಕೆಂದೇ ಮಸುಕಾಗಿಸಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು ಸ್ಯಾಮ್‌ಸಂಗ್ ಫೋನಿನಿಂದ ತೆಗೆದಾಗ, ಪರದೆಯಲ್ಲಿ ಇರದಿದ್ದ ವಿವರಗಳು ಫೋಟೊದಲ್ಲಿ ಮೂಡಿದವು. ಚಂದ್ರನನ್ನು ಗುರುತಿಸಿ ವಿವರಗಳನ್ನು ಸ್ಫುಟಗೊಳಿಸುವಂತೆ ತನ್ನ ಕೃತಕ ಬುದ್ಧಿಮತ್ತೆಗೆ ತರಬೇತಿ ಕೊಟ್ಟಿರುವುದಾಗಿ ಕಂಪನಿ ವಿವರಿಸಿತು. ಭೂಮಿಗೆ ಸದಾ ಒಂದೇ ಮುಖ ತೋರುವ ಚಂದ್ರನನ್ನು ಕಲಿಯುವುದು ಯಂತ್ರಕ್ಕೆ ಸುಲಭ. ಆ ಅಂದಾಜು ಹೆಚ್ಚು ತಪ್ಪುವುದೂ ಇಲ್ಲ. ಆದರೆ ಅಪಘಾತದ ಸ್ಥಳ, ಗಾಯದ ಗುರುತು, ದೂರದ ವಾಹನದ ನಂಬರ್ ಪ್ಲೇಟ್ ಇವು ಯಂತ್ರಕ್ಕೆ ಮೊದಲೇ ಗೊತ್ತಿರುವ ಮುಖಗಳಲ್ಲ.

ಹಲವು ಚಿತ್ರಗಳ ಸರಾಸರಿ ತೆಗೆಯುವುದು ನಿಜವಾಗಿ ಬಂದ ಬೆಳಕನ್ನು ಜತನದಿಂದ ಎಣಿಸುವ ಕೆಲಸ. ಕಲಿತ ನೆನಪಿನಿಂದ ವಿವರ ತುಂಬುವುದು ಬಾರದ ಬೆಳಕನ್ನು ಊಹಿಸುವ ಕೆಲಸ. ಎರಡರ ಫಲವೂ ಪರದೆಯ ಮೇಲೆ ಒಂದೇ ರೀತಿ ಹೊಳೆಯುವುದರಿಂದ ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ನೆನಪಿಗಾಗಿ ತೆಗೆದ ಚಿತ್ರದಲ್ಲಿ ಊಹೆ ಸಹ್ಯ, ಸಾಕ್ಷ್ಯಕ್ಕಾಗಿ ತೆಗೆದುದರಲ್ಲಿ ಅಲ್ಲ. ದುಬಾರಿ ಫೋನಿನ ಪರಾಮರ್ಶೆ ಚಿತ್ರ ಎಷ್ಟು ಚೆಂದ ಎಂಬಲ್ಲಿಗೆ ನಿಲ್ಲದೆ, ಎಣಿಕೆ ಮುಗಿದು ಊಹೆ ಶುರುವಾಗುವುದು ಎಲ್ಲಿ, ಆ ಊಹೆಯನ್ನು ಬೇಡವೆನ್ನಲು ಫೋನಿನಲ್ಲಿ ಅವಕಾಶವಿದೆಯೇ ಎಂಬುದನ್ನೂ ಹೇಳಿದರೆ ಕೊಳ್ಳುವವರಿಗೆ ಮೆಗಾಪಿಕ್ಸೆಲ್‌ಗಿಂತ ಹೆಚ್ಚು ಉಪಯೋಗದ ಮಾಹಿತಿ ಸಿಕ್ಕಂತಾಗುತ್ತದೆ.